ಬಿ.ಕಾಂ. ಆಯಿತು, ಮುಂದೆ?

ಅಕ್ಕನ ಮಗಳು ಬಿ.ಕಾಂ. ಮುಗಿಸಿ ಮನೆಗೆ ಬಂದಿದ್ದಾಳೆ. ಎರಡು ದಿನದಿಂದ ಒಂದೇ ಪ್ರಶ್ನೆ: "ಚಿಕ್ಕಮ್ಮ, ಸಿ.ಎ. ಮಾಡಲೋ, ಟ್ಯಾಲಿ ಕಲಿತು ಕೆಲಸ ಹಿಡಿಯಲೋ?" ಸಿ.ಎ. ಎಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ಓದು; ಟ್ಯಾಲಿ ಎಂದರೆ ವ್ಯಾಪಾರದ ಲೆಕ್ಕ ಬರೆಯುವ ಸಾಫ್ಟ್ವೇರ್.

ಶೇ. 61 ಅಂಕ ಬಂದಿದೆ. ವಾಣಿಜ್ಯ ಪದವಿಯಲ್ಲಿ ಶೇ. 55 ಇದ್ದರೆ ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯ ಗೊಡವೆಯಿಲ್ಲದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮೂರು ವರ್ಷ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲವಂತೆ! ಆ ಎರಡನೆಯ ಹಂತದಲ್ಲಿ ಎರಡು ಗುಂಪು, ಒಟ್ಟು ಆರು ಪತ್ರಿಕೆ, ಪ್ರತಿಯೊಂದರಲ್ಲೂ ಶೇ. 40, ಗುಂಪಿನ ಒಟ್ಟಿನಲ್ಲಿ ಶೇ. 50 ಬೇಕು. ಆರ್ಟಿಕಲ್‌ಶಿಪ್ (ಸಿ.ಎ. ಒಬ್ಬರ ಕೈಕೆಳಗಿನ ತರಬೇತಿ) ಈಗ ಮೂರರ ಬದಲು ಎರಡೇ ವರ್ಷ. ಕೇಳಲು ಸುಲಭ. ನಾನು ಒಂದು ಗುಂಪನ್ನು ಮೂರು ಸಲ ಬರೆದವಳು. ಮೊದಲ ಎರಡು ಸಲವೂ ಕೈಕೊಟ್ಟದ್ದು ಆ ಒಟ್ಟಿನ ಲೆಕ್ಕವೇ. ಅದನ್ನೂ ಹೇಳಿದೆ. ಅಡುಗೆಮನೆಯಿಂದ ಅಕ್ಕ ಕಣ್ಣು ಬಿಟ್ಟಳು.

ಟ್ಯಾಲಿಯನ್ನು ಕೀಳಾಗಿ ಕಾಣಬೇಡ ಎಂದೂ ಹೇಳಿದೆ. ಜಿ.ಎಸ್.ಟಿ. ರಿಟರ್ನ್ ತಪ್ಪಿಲ್ಲದೆ ಸಲ್ಲಿಸಲು ಬರುವ ಹುಡುಗಿಯನ್ನು ನಮ್ಮೂರಿನ ಯಾವ ಅಡಿಕೆ ಮಂಡಿಯವರೂ ಬೇಡವೆನ್ನುವುದಿಲ್ಲ. ಆದರೆ ಹತ್ತು ವರ್ಷದ ನಂತರವೂ ಅದೇ ಕುರ್ಚಿಯಲ್ಲಿ ಕೂತಿರುವವರನ್ನೂ ನಾನು ಬಲ್ಲೆ.

"ಯೋಚಿಸುತ್ತೇನೆ" ಎಂದು ಮಹಡಿ ಹತ್ತಿದಳು. ಮೇಜಿನ ಮೇಲಿದ್ದ ನನ್ನ ಹಳೆಯ ಕ್ಯಾಲ್ಕುಲೇಟರ್ ಕಾಣುತ್ತಿಲ್ಲ.