ಏನು ಲೋಡು ಹಾಕ್ತೀರಿ?

ಈ ವಾರ ನಮ್ಮ ಸಹಕಾರ ಸಂಘದ ಗೋಡೌನ್ ಅಂಗಳದಲ್ಲಿ ಹರಾಜು ಮುಗಿಯಿತು. 1968ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಈಗ ನನ್ನದು. ಸದ್ಯಕ್ಕೆ ಅಲ್ಲೇ ನಿಂತಿದೆ, ಎಳೆದುಕೊಂಡು ಬರಬೇಕು.

ಸಾಗರ ತಾಲೂಕಿನ ಕಡೆಯವರಿಗೆ ಎಂಜಿನ್ ಮುಂದಕ್ಕೆ ಚಾಚಿಕೊಂಡ ಈ ಮೂತಿ ಲಾರಿಗಳು ಚೆನ್ನಾಗಿ ಗೊತ್ತು. ಅಡಿಕೆ ಚೀಲ, ಹೆಂಚು, ದಿಮ್ಮಿ, ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತವು. ಇದು ಲಂಟಾನದ ಮಧ್ಯೆ ನಿಂತು ಎಷ್ಟೋ ಮಳೆಗಾಲ ಕಳೆದಿದೆ. ಮರದ ಕ್ಯಾಬಿನ್ನಿಗೆ ಗೆದ್ದಲು ಹಿಡಿದಿದೆ. ಅದರ ಚಿಂತೆ ನನಗಿಲ್ಲ. ಆಗೆಲ್ಲ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ ಅಂದರೆ ತಳದ ಕಬ್ಬಿಣದ ಚೌಕಟ್ಟು, ಎಂಜಿನ್, ಮೂತಿ ಅಷ್ಟೆ. ಕ್ಯಾಬಿನ್ನು, ಬಾಡಿ ಕಟ್ಟುತ್ತಿದ್ದವರು ನಮ್ಮ ಬಡಗಿಗಳೇ. ಮರ ಮತ್ತೆ ಹಾಕಬಹುದು. ಚಾಸಿ ನೆಟ್ಟಗಿದೆಯಲ್ಲ, ಅದು ಮುಖ್ಯ.

ಗ್ರಿಲ್ ಮೇಲೆ ಬಣ್ಣದ ಮೇಲೆ ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದೆ. ಹಸಿರು ಎದ್ದಿತು, ಅದರಡಿ ಹಳದಿ, ಅದರಡಿ ಮೂರು ಮೊನೆಯ ನಕ್ಷತ್ರ. ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಟಾಟಾದವರ ಒಪ್ಪಂದ ಇದ್ದದ್ದು 1954ರಿಂದ 1969ರ ತನಕ. ಆಮೇಲೆ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಅಂದರೆ ಇದು ನಕ್ಷತ್ರ ಹೊತ್ತ ಕೊನೆಕೊನೆಯ ಲಾರಿಗಳಲ್ಲಿ ಒಂದು.

ಸವಾಲು ಕೂಗಲು ಬಂದವರಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಗುಜರಿಯವರು. ಸಂಘದ ಕಾರ್ಯದರ್ಶಿಗೆ ಜಾಗ ಖಾಲಿಯಾದರೆ ಸಾಕಿತ್ತು. ಲಾರಿ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದು ದುಡಿದದ್ದರಲ್ಲೇ ಸಂಘ ಬೆಳೆದದ್ದು, ಅಷ್ಟಾದರೂ ನೆನಪಿರಬೇಕಿತ್ತು. ಶಿವಮೊಗ್ಗದಿಂದ ಬಂದಿದ್ದ ಗುಜರಿಯವರೊಬ್ಬರು ಮಾತ್ರ ಕೆಳಗೆ ನುಸುಳಿ ಹಿಂದಿನ ಆಕ್ಸಲ್ಲಿನ ಹೌಸಿಂಗ್, ಸ್ಪ್ರಿಂಗಿನ ಪಾಟಾ ಎಲ್ಲ ತಟ್ಟಿ ನೋಡಿದರು. ಕೊನೆಗೆ ಉಳಿದವರು ಅವರು ಮತ್ತು ನಾನು. ಕಬ್ಬಿಣದ ರೇಟು ದಾಟಿದ ಮೇಲೆ ಅವರು ಕೈ ಬಿಟ್ಟರು. 'ಮೂರು ಸಲ' ಅಂತ ಹರಾಜಿನವರು ಕೂಗಿದ್ದೇ ಆ ಗುಜರಿಯವರು ನನ್ನ ಹತ್ತಿರ ಬಂದರು.

"ಕಟ್ ಮಾಡಲ್ವಾ ಸರ್?"

"ಇಲ್ಲ, ರಿಪೇರಿ ಮಾಡಿ ಓಡಿಸ್ತೀನಿ."

"ಸರಿ. ಏನು ಲೋಡು ಹಾಕ್ತೀರಿ?"

ಅವರ ಮುಖದಲ್ಲಿ ನಗು ಇರಲಿಲ್ಲ. ನಿಜವಾಗಿಯೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ರಾತ್ರಿ ಮಲಗಿದರೂ ಅದೇ ಮಾತು. ಏನು ಲೋಡು? ಹಳೆ ಕಾರು ಸರಿ ಮಾಡಿದವರನ್ನು ಯಾರಾದರೂ ಹೀಗೆ ಕೇಳ್ತಾರಾ? ಕಾರು ಸುಮ್ನೆ ಚೆಂದ ಕಂಡರೆ ಸಾಕು. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಮ್ಯೂಸಿಯಂನಲ್ಲಿ ಹಳೆ ಕಾರುಗಳನ್ನು ಎಷ್ಟು ಜೋಪಾನ ಮಾಡಿದ್ದಾರೆ, ನೋಡಿದರೆ ಖುಷಿಯಾಗುತ್ತದೆ. ಕಾನೂನಿನಲ್ಲೂ ಕಾರಿಗೆ ಜಾಗವಿದೆ. 50 ವರ್ಷ ದಾಟಿದ, ಸ್ವಂತಕ್ಕೆ ಇಟ್ಟುಕೊಂಡ ಬೈಕು, ಕಾರುಗಳಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಕೇಂದ್ರ ನಿಯಮ ಮಾಡಿತು. 'ವಿಎ' ಅಕ್ಷರದ ನಂಬರ್ ಕೊಡುತ್ತಾರೆ. ಲಾರಿ ಆ ಪಟ್ಟಿಯಲ್ಲೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ರಾಜರು ಕೂತ ಕಾರಿಗೆ ಮರ್ಯಾದೆ. ನಮ್ಮೂರಿನ ಮನೆ, ಶಾಲೆ, ಸೇತುವೆಗೆ ಕಲ್ಲು ಮರಳು ಹೊತ್ತ ಲಾರಿಗೆ ಗ್ಯಾಸ್ ಕಟ್ಟರ್.

ಹರಾಜು ನೋಡಲು ಈ ಲಾರಿಯ ಹಳೆಯ ಡ್ರೈವರ್ ಬಂದಿದ್ದರು. ಗೇರುಸೊಪ್ಪೆ ಘಾಟಿಯಲ್ಲಿ ಇದನ್ನು ಹತ್ತಿಸಿ ಇಳಿಸಿದವರು. ಗುಜರಿಯವರ ಮಾತು ಅವರ ಕಿವಿಗೂ ಬಿದ್ದಿತ್ತು.

"ಅವ್ರು ಕೇಳಿದ್ದು ಸರಿ ಅದೆ. ಖಾಲಿ ಗಾಡಿ ಕುಣೀತದೆ. ಲೋಡು ಬಿದ್ಮೇಲೆ ಪಾಟಾ ಕೂತ್ಕೊಂಡು ಹದಕ್ಕೆ ಬರ್ತದೆ. ಬರೀ ಪೇಂಟ್ ಹೊಡ್ದು ನಿಲ್ಲಿಸ್ಬೇಡಿ ಮಾರಾಯ್ರೆ."

ಬ್ಯಾಟರಿ ಸತ್ತರೆ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರಂತೆ. ಬೆಳಿಗ್ಗೆ ಬ್ರೇಕ್ ಬಿಟ್ಟು, ಉರುಳುವಾಗ ಗೇರಿಗೆ ಹಾಕಿದರೆ ಎಂಜಿನ್ ಏಳುತ್ತಿತ್ತಂತೆ. ಈ ಹಳೆ ಡೀಸೆಲ್ ಎಂಜಿನ್ ಒಮ್ಮೆ ಎದ್ದ ಮೇಲೆ ಕರೆಂಟೇ ಬೇಡ. ಪಂಪು ಎಂಜಿನ್ ಜೊತೆ ತಾನೇ ತಿರುಗಿ, ಸಿಲಿಂಡರಿಗೆ ಚಿಮ್ಮಿಸುವ ನಾಝಲ್‌ಗೆ ಡೀಸೆಲ್ ತಳ್ಳುತ್ತದೆ. ಸೆನ್ಸಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಬಿಚ್ಚಿ ನೋಡಿದರೆ ಅರ್ಥವಾಗುವ ಯಂತ್ರ. ನನ್ನ ಧೈರ್ಯ ಅದೇ.

ಎಂಜಿನ್ ಜಾಮ್ ಆಗಿದೆ. ನಾಝಲ್ ತೆಗೆದು ಸಿಲಿಂಡರಿಗೆ ಆಯಿಲ್, ಡೀಸೆಲ್ ಬಿಟ್ಟು ನೆನೆಹಾಕಬೇಕು. ಅವಸರ ಮಾಡಿದರೆ ಪಿಸ್ಟನ್ನಿನ ರಿಂಗ್ ಮುರಿಯುತ್ತದೆ. ರಸ್ತೆಗಿಳಿಸುವುದು ಕಾಗದಪತ್ರದ ಮೇಲೆ ನಿಂತಿದೆ. ಅಲ್ಲಿತನಕ ನಮ್ಮ ಜಾಗದೊಳಗೇ ಕೆಲಸ ಇದೆ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕಬೇಕು. ಗುಡ್ಡದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತೋಟದ ಅಂಚಿನವರೆಗೆ ಇದೇ ಹೊರಲಿ. ಸ್ಟೇರಿಂಗ್ ಹಿಡಿಯಲು ಆ ಡ್ರೈವರ್ ಒಪ್ಪಿದ್ದಾರೆ.

ನಿನ್ನೆ ಶಿವಮೊಗ್ಗದ ಆ ಗುಜರಿಯವರಿಗೆ ಫೋನ್ ಮಾಡಿ, ಮಣ್ಣಿನ ಲೋಡು ಅಂದೆ. "ಹಂಗಾದ್ರೆ ಬನ್ನಿ" ಅಂದರು. ಅವರ ಅಂಗಳದಲ್ಲಿ ಇನ್ನೊಂದು ಮೂತಿ ಲಾರಿ ಕಟ್ ಆಗಲು ನಿಂತಿದೆಯಂತೆ. ರೇಡಿಯೇಟರ್, ಡೈನಮೋ ಚೆನ್ನಾಗಿವೆಯಂತೆ. ಭಾನುವಾರದ ತನಕ ಅದಕ್ಕೆ ಕಟ್ಟರ್ ಹಚ್ಚುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.