ಫೀಸು ಕಟ್ಟಿದವರಿಗೆಲ್ಲ ಬಾಗಿಲು ತೆರೆದ ಶಾಲೆ

ಜೂನ್ 15, 2025, ಭಾನುವಾರ

ಇವತ್ತು ಚಿತ್ರಕಾರ ಕೆ.ಕೆ. ಹೆಬ್ಬಾರರ ಹುಟ್ಟಿದ ದಿನ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬೈನ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಮಾಡಿ, 1949ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್ ಎಂಬ ಕಲಾ ಶಾಲೆ ಸೇರಿದರು. ಹೆಬ್ಬಾರರ ಬಗ್ಗೆ ಬರೆಯುವವರು ಈ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಆ ಖಾಸಗಿ ಶಾಲೆಯ ಮೇಲೆ ಬಹಳ ಪ್ರೀತಿ. ಹಾಗಾಗಿ ಇವತ್ತು ಅದರ ಕಥೆಯನ್ನೇ ಬರೆಯುತ್ತೇನೆ.

ಶುರುವಾಗಿದ್ದು 1868ರಲ್ಲಿ. ರೊಡಾಲ್ಫ್ ಜೂಲಿಯಾನ್ ಫ್ರಾನ್ಸಿನ ದಕ್ಷಿಣದ ಸಣ್ಣ ಊರಿನಿಂದ ಪ್ಯಾರಿಸ್ಸಿಗೆ ಬಂದ ಚಿತ್ರಕಾರ. ಪಾಸಾಜ್ ದೆ ಪನೊರಮಾ ಎಂಬ ಅಂಗಡಿ ಸಾಲಿನಲ್ಲಿ ಒಂದು ಜಾಗ ಹಿಡಿದು, ಮಾಡೆಲ್ ಕೂರಿಸಿ, ಫೀಸು ತೆಗೆದುಕೊಂಡು ತರಗತಿ ನಡೆಸಿದರು. ಆಗ ದೊಡ್ಡ ಹೆಸರು ಅಂದರೆ ಸರ್ಕಾರದ ಕಲಾ ಶಾಲೆ, ಎಕೋಲ್ ದೆ ಬೋಜಾರ್. ಅಲ್ಲಿ ಫೀಸಿಲ್ಲ, ಆದರೆ ಒಳಗೆ ಸೇರುವುದೇ ಕಷ್ಟ. ಪ್ರವೇಶ ಪರೀಕ್ಷೆ ಬಲು ಬಿಗಿ. ಹೆಂಗಸರಿಗಂತೂ ಪ್ರವೇಶವೇ ಇಲ್ಲ. ಜೂಲಿಯಾನ್ ಪರೀಕ್ಷೆ ಇಡಲಿಲ್ಲ. ಯಾವ ದೇಶದವರು, ಹಿಂದೆ ಏನು ಕಲಿತಿದ್ದೀರಿ ಅಂತ ಕೇಳಲಿಲ್ಲ. ಫೀಸು ಕಟ್ಟಬೇಕು, ಬಂದು ಚಿತ್ರ ಬರೆಯಬೇಕು, ಅಷ್ಟೇ. ಬೋಜಾರ್ ಪರೀಕ್ಷೆಗೆ ತಯಾರಾಗುವ ಹುಡುಗರೂ ಇಲ್ಲಿಗೇ ಬಂದರು.

ಪಾಠ ಮಾಡುತ್ತಿದ್ದವರು ಬೂಗರೋ, ಲೆಫೆವ್ರ್ ಅವರಂಥ ದೊಡ್ಡ ಚಿತ್ರಕಾರರು. ಆದರೆ ಅವರು ಆಗಾಗ ಬಂದು, ಚಿತ್ರ ತಿದ್ದಿ ಹೊರಟುಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ವಿದ್ಯಾರ್ಥಿಗಳು ಪಕ್ಕದವರನ್ನು ನೋಡಿ ಕಲಿಯಬೇಕು, ವಾದ ಮಾಡಬೇಕು. ನನಗನ್ನಿಸುವ ಹಾಗೆ ಆ ಶಾಲೆಯ ಶಕ್ತಿ ಇದ್ದಿದ್ದೇ ಅಲ್ಲಿ. ಪಾಲ್ ಸೆರ್ಯೂಸಿಯೆ ಅಲ್ಲಿ ತರಗತಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ. 1888ರಲ್ಲಿ ಪೊಂತಾವೆನ್ ಎಂಬ ಊರಿನಲ್ಲಿ, ಚಿತ್ರಕಾರ ಗೊಗ್ಯಾಂ ಹೇಳಿದ ಹಾಗೆ, ಒಂದು ಚಿಕ್ಕ ಮರದ ಹಲಗೆಯ ಮೇಲೆ ಬಣ್ಣಗಳನ್ನು ಮಂಕು ಮಾಡದೆ ಬಳಿದು ಚಿತ್ರ ಮಾಡಿದರು. ವಾಪಸ್ ಬಂದು ಬೊನಾರ್, ಮೋರಿಸ್ ದೆನಿ ಮೊದಲಾದ ಗೆಳೆಯರಿಗೆ ತೋರಿಸಿದರು. ನಬಿ ಎಂಬ ಚಿತ್ರಕಾರರ ಗುಂಪು ಹುಟ್ಟಿದ್ದು ಹಾಗೆ. ಗುರುಗಳು ಕಲಿಸಿದ್ದಕ್ಕೆ ಪೂರ್ತಿ ಉಲ್ಟಾ ದಾರಿ! ಮುಂದೆ ದೊಡ್ಡ ಚಿತ್ರಕಾರರಾದ ಮತೀಸ್ ಕೂಡ 1891ರಲ್ಲಿ ಸೇರಿ, ಬೂಗರೋ ಪಾಠ ಹಿಡಿಸದೆ ಬಿಟ್ಟು ಹೋದರು.

ಹೆಂಗಸರ ವಿಷಯಕ್ಕೆ ಬಂದರೆ ನನಗೆ ಖುಷಿ, ಸಿಟ್ಟು ಎರಡೂ ಆಗುತ್ತದೆ. 1870ರ ದಶಕದಲ್ಲೇ ಜೂಲಿಯಾನ್ ಹೆಂಗಸರನ್ನು ಸೇರಿಸಿಕೊಂಡರು. ಬೆತ್ತಲೆ ಮಾಡೆಲನ್ನು ನೋಡಿ ಬರೆಯುವ ಅವಕಾಶ ಕೊಟ್ಟರು. ಮೈಯ ರಚನೆ ತಿಳಿಯದೆ ಆ ಕಾಲದ ದೊಡ್ಡ ಚಿತ್ರಗಳನ್ನು ಬರೆಯಲು ಸಾಧ್ಯವೇ ಇರಲಿಲ್ಲ ಅಲ್ವಾ? ಸರ್ಕಾರಿ ಶಾಲೆ ಹೆಂಗಸರಿಗೆ ಬಾಗಿಲು ತೆರೆದಿದ್ದು 1897ರಲ್ಲಿ. ಅಷ್ಟರಲ್ಲಿ ಎಷ್ಟೊಂದು ಜನ ಇಲ್ಲಿ ಕಲಿತು ಹೋಗಿದ್ದರು. ಆದರೆ ಅವರಿಂದ ಜೂಲಿಯಾನ್ ತೆಗೆದುಕೊಳ್ಳುತ್ತಿದ್ದ ಫೀಸು ಗಂಡಸರದ್ದಕ್ಕಿಂತ ಸುಮಾರು ಎರಡು ಪಟ್ಟು. ಬೇರೆ ಕಡೆ ಹೋಗಲು ದಾರಿಯಿಲ್ಲದವರಿಂದ ಹೀಗೆ ವಸೂಲಿ ಮಾಡಿದ್ದು ಅನ್ಯಾಯವೇ. ಮನೆಯಲ್ಲಿ ದುಡ್ಡಿಲ್ಲದ ಹುಡುಗಿಗೆ ಇಲ್ಲೂ ಜಾಗ ಇರಲಿಲ್ಲ.

ಇಲ್ಲೇ ಕಲಿತ ಅಮೆಲಿ ಬೋರಿ-ಸೊರೆಲ್ ಮುಂದೆ ಜೂಲಿಯಾನ್‌ರನ್ನು ಮದುವೆಯಾದರು. ಹೆಂಗಸರ ತರಗತಿಗಳನ್ನು ನಡೆಸಿದ್ದು ಅವರೇ. ಜರ್ಮನಿಯ ಕಲಾವಿದೆ ಕೇಥೆ ಕೊಲ್ವಿಟ್ಸ್ 1904ರಲ್ಲಿ ಇಲ್ಲಿಗೆ ಶಿಲ್ಪ ಕಲಿಯಲು ಬಂದಿದ್ದರು. ಜೂಲಿಯಾನ್ 1907ರಲ್ಲಿ ತೀರಿಕೊಂಡರು. ಹೆಬ್ಬಾರರು ಬರುವ ಹೊತ್ತಿಗೆ ಶಾಲೆಯ ಒಳ್ಳೆಯ ದಿನಗಳು ಮುಗಿದಿದ್ದವು. 1968ರಲ್ಲಿ ಅದು ಇನ್ನೊಂದು ಶಾಲೆಯೊಳಗೆ ಸೇರಿಹೋಯಿತು.

ಈಗಿನ ಉಕ್ರೇನಿನಲ್ಲಿ ಹುಟ್ಟಿದ ಮಾರಿ ಬಷ್ಕಿರ್ತ್ಸೆಫ್ ಸೇರಿದ್ದು 1877ರಲ್ಲಿ. 1881ರಲ್ಲಿ ಆಕೆ ತಮ್ಮ ತರಗತಿಯನ್ನೇ ಚಿತ್ರವಾಗಿ ಬರೆದರು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಕೂತ ಹೆಂಗಸರು, ಈಸೆಲ್‌ಗಳು, ಎದುರಿಗೆ ಮಾಡೆಲ್ ಆಗಿ ನಿಂತ ಒಬ್ಬ ಹುಡುಗ. ಕ್ಷಯದಿಂದ ಆಕೆ ಸತ್ತಿದ್ದು 1884ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ. ಆ ಚಿತ್ರ ಉಕ್ರೇನಿನ ದ್ನಿಪ್ರೋ ನಗರದ ಕಲಾ ಮ್ಯೂಸಿಯಮ್ಮಿನದು. ಆ ಊರಿನ ಮೇಲೆ ಕ್ಷಿಪಣಿ ಬಿದ್ದ ಸುದ್ದಿ ಓದಿದಾಗಲೆಲ್ಲ ಮೊದಲು ಅಲ್ಲಿಯ ಜನರ ನೆನಪಾಗುತ್ತದೆ, ಆಮೇಲೆ ಈ ಚಿತ್ರದ್ದು. ಎರಡೂ ಉಳಿಯಲಿ.