ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಕೊಳ್ಳುವ ಮುನ್ನ

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಹೋಟೆಲಿನ ಗಲ್ಲೆಗೋ ಸಂಘದ ಕಚೇರಿಗೋ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ನೋಡುವವರು ರ‍್ಯಾಮ್ ವಿಚಾರಿಸುವುದಕ್ಕಿಂತ ಮೊದಲು ಪ್ರೊಸೆಸರಿನ ಜನರೇಶನ್ ಕೇಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಜನರೇಶನ್, ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000 ಸರಣಿ, ಅಲ್ಲಿಂದ ಮೇಲಿನದೇ ಬೇಕು. ಐ5-8250ಯು ಎಂದು ಬರೆದಿದ್ದರೆ ಅದು 8ನೇ ಜನರೇಶನ್. ಐ5-1135ಜಿ7 ಎಂದಿದ್ದರೆ 11ನೆಯದು. ಬರೀ ‘ಐ5’ ಎಂಬ ಮಾತಿಗೆ ದುಡ್ಡು ಬಿಚ್ಚಬೇಡಿ, 2014ರದ್ದೂ ಐ5ಯೇ.

ಈ ಗೆರೆಗೆ ಮೈಕ್ರೋಸಾಫ್ಟ್ ಕೊಡುವ ಕಾರಣ ಭದ್ರತೆ. ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ: ನಾಲ್ಕು ಕೋರಿನ ಐ5-7500 ಪಟ್ಟಿಯಿಂದ ಹೊರಗೆ, ಎರಡೇ ಕೋರಿನ ಸೆಲೆರಾನ್ ಎನ್4020 ಒಳಗೆ. 6 ಮತ್ತು 7ನೇ ಜನರೇಶನ್ನಿನ ಎಷ್ಟೋ ಯಂತ್ರಗಳಲ್ಲಿ ವಿಂಡೋಸ್ 11 ಕೇಳುವ ಭದ್ರತಾ ಘಟಕ ಟಿಪಿಎಂ 2.0 ಇದ್ದೇ ಇದೆ, ಆದರೂ ಪ್ರವೇಶವಿಲ್ಲ. ಮೈಕ್ರೋಸಾಫ್ಟ್ ತಾನೇ ಮಾರಿದ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಐ7-7820ಎಚ್‌ಕ್ಯೂಗೆ 7ನೆಯದಾದರೂ ವಿನಾಯಿತಿ ಸಿಕ್ಕಿತು. ನನಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ. ಗಟ್ಟಿಮುಟ್ಟಾದ ಯಂತ್ರಗಳು ಗುಜರಿಗೆ ಹೋಗುತ್ತಿವೆ.

8ನೇ ಜನರೇಶನ್ ಇದ್ದೂ ‘ನಿಮ್ಮ ಪಿಸಿಗೆ ಆಗುವುದಿಲ್ಲ’ ಎಂದು ಬಂದರೆ ಹೆಚ್ಚಾಗಿ ದೋಷ ಸೆಟ್ಟಿಂಗಿನದು. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಟಿಪಿಎಂ.ಎಂಎಸ್‌ಸಿ’ (tpm.msc) ತೆರೆದು ಆವೃತ್ತಿ 2.0 ಇದೆಯೇ ನೋಡಿ. ಟಿಪಿಎಂ ಸಿಗದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಆನ್ ಮಾಡಿ. ಆಮೇಲೆ ‘ಎಂಎಸ್‌ಇನ್ಫೋ32’ರಲ್ಲಿ (msinfo32) ಬಯಾಸ್ ಮೋಡ್ ನೋಡಿ. ಲೆಗಸಿ, ಅಂದರೆ ಹಳೆಯ ಬೂಟ್ ವಿಧಾನ ಎಂದಿದ್ದರೆ, ವಿಂಡೋಸ್ 11ಕ್ಕೆ ಬೇಕಾದ ಹೊಸ ವಿಧಾನ ಯುಇಎಫ್‌ಐಗೆ ಹೋಗಲು ಡಿಸ್ಕಿನ ಪಾರ್ಟಿಷನ್ ವ್ಯವಸ್ಥೆಯನ್ನು ಹಳೆಯ ಎಂಬಿಆರ್‌ನಿಂದ ಹೊಸ ಜಿಪಿಟಿಗೆ ಬದಲಿಸಬೇಕು. ಮೊದಲು ಬ್ಯಾಕಪ್, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಅಲೌಫುಲ್‌ಓಎಸ್’ (mbr2gpt /validate /allowFullOS) ಓಡಿಸಿ, ತಕರಾರಿಲ್ಲದಿದ್ದರೆ ವ್ಯಾಲಿಡೇಟ್ ಜಾಗದಲ್ಲಿ ‘ಕನ್ವರ್ಟ್’ (convert). ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಇದು ನಿಲ್ಲುತ್ತದೆ. ಮುಗಿದ ಕೂಡಲೇ ಬಯಾಸ್‌ನಲ್ಲಿ ಯುಇಎಫ್‌ಐ ಆರಿಸದಿದ್ದರೆ ವಿಂಡೋಸ್ ಏಳುವುದಿಲ್ಲ.

ಹೋಟೆಲುಗಳಲ್ಲಿ ಇನ್ನೊಂದು ತೊಂದರೆ ಉಂಟು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡುವುದರಿಂದ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬೇಗ ಬತ್ತುತ್ತದೆ. ಆಗ ಗಡಿಯಾರ ಹಿಂದೆ ಹೋಗುತ್ತದೆ, ಕೆಲವು ಬೋರ್ಡುಗಳಲ್ಲಿ ಬಯಾಸ್ ಮತ್ತೆ ಲೆಗಸಿಗೆ ಜಾರುತ್ತದೆ. ಬೆಳಿಗ್ಗೆ ಗಿರಾಕಿ ನಿಂತಿರುವಾಗ ಬಿಲ್ಲಿಂಗ್ ಪಿಸಿ ಏಳದಿದ್ದರೆ ಹಾರ್ಡ್‌ಡಿಸ್ಕಿಗೆ ಬೈಯುವ ಮುನ್ನ 3 ವೋಲ್ಟಿನ ಆ ಬಿಲ್ಲೆ ಬದಲಿಸಿ.

7ನೇ ಜನರೇಶನ್ ಅಥವಾ ಹಳೆಯದು ಕೈಯಲ್ಲಿದ್ದರೆ? ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ರೂಫಸ್ ಎಂಬ ತಂತ್ರಾಂಶದಿಂದ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಬಹುದು, ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಲೆಕ್ಕಪತ್ರದ ಯಂತ್ರಕ್ಕೆ ನಾನು ಇದನ್ನು ಒಪ್ಪುವುದಿಲ್ಲ. ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿ ಸಾಟಾ ಎಸ್‌ಎಸ್‌ಡಿ ಕೂರಿಸಿ, ರ‍್ಯಾಮ್ 8 ಜಿಬಿ ಮಾಡಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22 ಹಾಕಿ, 2029ರವರೆಗೆ ಬೆಂಬಲವಿದೆ. ರ‍್ಯಾಮ್ ಕೊಳ್ಳುವಾಗ ಹಳೆಯ ಪಟ್ಟಿ ಬಿಚ್ಚಿ ಲೇಬಲ್ ಓದಿ: 4ನೇ ಜನರೇಶನ್ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು, ಡಿಡಿಆರ್4 ಕೂರುವುದೇ ಇಲ್ಲ. ವಿಂಡೋಸನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವವರು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಆ ಡ್ರೈವಿಗೆ ಲಿನಕ್ಸಿನಿಂದ ಬರೆಯಲು ಆಗದೇ ಹೋಗಬಹುದು.

ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ವಿಂಡೋಸೇ ಗತಿ. ಪ್ರಿಂಟರನ್ನೂ ಮೊದಲೇ ಪರೀಕ್ಷಿಸಿ. ನಮ್ಮ ಕಚೇರಿಗಳಲ್ಲಿ ತುಂಬಿರುವ ಕ್ಯಾನನ್ ಎಲ್‌ಬಿಪಿ2900 ಲಿನಕ್ಸಿನಲ್ಲಿ ಬಹಳ ಕಾಡುತ್ತದೆ. ಎಚ್‌ಪಿ 1108 ಆದರೆ ಎಚ್‌ಪಿಯದೇ ಲಿನಕ್ಸ್ ಡ್ರೈವರ್ ಎಚ್‌ಪಿಎಲ್‌ಐಪಿ ಜೊತೆಗೆ ಪ್ಲಗಿನ್ ಇಳಿಸಿದರೆ ಸಾಕು.

ಕನ್ನಡಕ್ಕೆ ಹೆದರಬೇಕಿಲ್ಲ. ಲಿನಕ್ಸಿನಲ್ಲಿ ಭಾರತೀಯ ಭಾಷೆಗಳ ಟೈಪಿಂಗ್‌ಗಿರುವ ‘ಐಬಸ್-ಎಂ17ಎನ್’ (ibus-m17n) ಹಾಕಿ ಕನ್ನಡ ಕೆಜಿಪಿ ಆರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದೇ ಕೀಲಿಮಣೆ ಸಿಗುತ್ತದೆ. ಸಂಘದ ಹಳೆಯ ಆಮಂತ್ರಣ, ಸ್ಮರಣಸಂಚಿಕೆಗಳ ಫೈಲುಗಳು ನುಡಿಯ ಆಸ್ಕಿ ಫಾಂಟಿನಲ್ಲಿರುತ್ತವೆ; ಫಾಂಟ್ ಇಲ್ಲದಲ್ಲಿ ಅವು ಬರೀ ವಿಚಿತ್ರ ರೋಮನ್ ಚಿಹ್ನೆಗಳು. ವಿಂಡೋಸ್ ಅಳಿಸುವ ಮುನ್ನವೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ನೋಡಿ, ಮೂಲ ಫೈಲನ್ನೂ ಫಾಂಟನ್ನೂ ಒಂದು ಪೆನ್‌ಡ್ರೈವಿನಲ್ಲಿ ಒಟ್ಟಿಗೆ ಇಡಿ.